ಕೆನಡಾದ ಪೆಟ್ಟಿಗೆ ಮತ್ತು ನಾನು ಸೋತ ಒಂದು ವಾದ

ನಾನು ಮುಖ್ಯೋಪಾಧ್ಯಾಯಿನಿಯಾದ ಕತೆಯನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಕತೆಯೇ ಇಲ್ಲ. ಮೇಲಿನವರು ನಿವೃತ್ತರಾದರು, ನಾನು ಪಕ್ಕದ ಕೋಣೆಯ ಕುರ್ಚಿಗೆ ಹೋಗಿ ಕೂತೆ, ಅಷ್ಟೆ. ಇತಿಹಾಸ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಿಮಗೆ ಉಪಯೋಗಕ್ಕೆ ಬರುವುದು ನಾನು ಎಲ್ಲೆಲ್ಲಿ ಎಡವಿದೆ ಎಂಬುದು. ಆ ಪಟ್ಟಿ ಉದ್ದವಿದೆ. ಅದರಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಬೆರಳುದ್ದದ ಒಂದು ಕಬ್ಬಿಣದ ಕೊಳವೆ.

ನಮ್ಮ ಅಪ್ಪನದು ಬನವಾಸಿಯಲ್ಲಿ ಕಿರಾಣಿ ಅಂಗಡಿ. ನಾನು ಧಾರವಾಡದಲ್ಲಿ ಬಿ.ಎ. ಓದುವಾಗ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಸಿಕೊಂಡವಳು. ಪರವಾಗಿ ಮಾತಾಡಿ ಅಂದರೆ ಪರ, ವಿರೋಧವಾಗಿ ಅಂದರೆ ವಿರೋಧ. ಯಾರು ಏನೇ ಹೇಳಲಿ, "ಪುರಾವೆ ಏನು?" ಎಂದು ಕೇಳುವುದು ಬಾಯಿಗೆ ಅಂಟಿಬಿಟ್ಟಿತ್ತು. ಮನೆಗೆ ಬಂದ ಬೀಗರನ್ನೂ ಹಾಗೆ ಕೇಳಿದ್ದೆ. "ಇಕಿಗೆ ನೌಕರಿನ ಕೊಡಸ್ರಿ, ಮಾಸ್ತರಕಿ ಮಾಡಲಿ. ಅಲ್ಲಾದರ ಎದುರು ಮಾತಾಡೋರು ಇರೂದಿಲ್ಲ" ಎಂದು ಅಪ್ಪ ಅಂದಿದ್ದು ತಮಾಷೆಗಲ್ಲ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಮರುವರ್ಷ ನಾನು ಸಿದ್ದಾಪುರದ ಒಂದು ಹೈಸ್ಕೂಲಿಗೆ ಸೇರಿದೆ. ಇಡೀ ಶಾಲೆಗೆ ನಾನೊಬ್ಬಳೇ ಹೆಂಗಸು. ಮಕ್ಕಳಿಗೂ ಮಾಸ್ತರುಗಳಿಗೂ ನಾನು ‘ಅಕ್ಕೋರು’.

ಆಗ ಇತಿಹಾಸ ಕಲಿಸುವ ಪದ್ಧತಿ ಹೀಗಿತ್ತು: ಒಬ್ಬ ಹುಡುಗ ಎದ್ದು ಪುಸ್ತಕ ಓದುವುದು, ಉಳಿದವರು ಬೆರಳಿಟ್ಟುಕೊಂಡು ಹಿಂಬಾಲಿಸುವುದು, ಕೊನೆಗೆ ಟಿಪ್ಪಣಿ ಬರೆಸುವುದು. ನಮ್ಮ ಪುಸ್ತಕದಲ್ಲಿ ಕೆನಡಾಕ್ಕೆ ಸಿಕ್ಕಿದ್ದು ಅರ್ಧ ಪುಟ. ಚಳಿಯ ದೇಶ, ತುಪ್ಪಳದ ವ್ಯಾಪಾರ, ಫ್ರೆಂಚರಿಗೂ ಇಂಗ್ಲಿಷರಿಗೂ ಯುದ್ಧ, ಇಂಗ್ಲಿಷರು ಗೆದ್ದರು, ಗೋಧಿ ಬೆಳೆಯುತ್ತದೆ. ಇಷ್ಟನ್ನು ಹದಿನೈದು ನಿಮಿಷದಲ್ಲಿ ಮುಗಿಸಿ ಆಸ್ಟ್ರೇಲಿಯಾಕ್ಕೆ ಹೊರಡಬಹುದಾಗಿತ್ತು. ಹೊರಡಲಿಲ್ಲ, ಅದಕ್ಕೆ ಕಾರಣ ಭಟ್ಟ ಮಾಸ್ತರು.

ಭಟ್ಟ ಮಾಸ್ತರು ನಮ್ಮ ಹೆಡ್‌ಮಾಸ್ತರು. ತೆಳ್ಳಗಿನ ಆಳು, ಎಲೆಯಡಿಕೆಯ ಕವಳದ ಚಟ, ಪೋಸ್ಟ್ ಕಾರ್ಡಿನ ಚಟ. ದಿಲ್ಲಿಯಲ್ಲಿದ್ದ ಪರದೇಶದ ಕಚೇರಿಗಳಿಗೆಲ್ಲ ಕಾರ್ಡು ಬರೆದು ಪುಕ್ಕಟೆ ನಕ್ಷೆ, ಕ್ಯಾಲೆಂಡರು ತರಿಸುತ್ತಿದ್ದರು. ನಮ್ಮ ಶಾಲೆಯ ಗೋಡೆಯ ಮೇಲೆ ಮೂರು ದೇಶಗಳ ಕ್ಯಾಲೆಂಡರುಗಳಿದ್ದವು. ತಿಥಿ ನೋಡಲು ಮಾತ್ರ ಎದುರಿನ ಅಂಗಡಿಗೆ ಹೋಗಬೇಕಾಗಿತ್ತು. ಹಾಗೆ ಬರೆದ ಒಂದು ಕಾರ್ಡು ಯಾರ ಯಾರ ಕೈ ದಾಟಿತೋ, ಕೆನಡಾದ ಒಂಟಾರಿಯೋ ಪ್ರಾಂತ್ಯದ ಒಂದು ಹಳ್ಳಿ ಶಾಲೆಯ ಮಿಸ್ ಡನ್ ಎಂಬ ಶಿಕ್ಷಕಿಗೆ ತಲುಪಿತು. ಆಕೆ ಕ್ಯಾಲೆಂಡರು ಕಳಿಸಲಿಲ್ಲ, ಒಂದು ಪೆಟ್ಟಿಗೆ ಕಳಿಸಿದರು. ಹಡಗಿನಲ್ಲಿ ಮುಂಬಯಿ, ಅಲ್ಲಿಂದ ಹುಬ್ಬಳ್ಳಿ, ಶಿರಸಿ, ಕೊನೆಗೆ ಬಸ್ಸಿನ ಮಂಡೆಯ ಮೇಲೆ ಸಿದ್ದಾಪುರ.

ಒಳಗೆ ಇದ್ದದ್ದು ನಾಲ್ಕೇ ಸಾಮಾನು, ಒಂದು ಪತ್ರ. "ನಮ್ಮ ದೇಶದ ಇತಿಹಾಸವನ್ನು ಪುಸ್ತಕದಲ್ಲಿ ಓದಿರುತ್ತೀರಿ. ಇವು ನಮ್ಮೂರ ಮನೆಗಳ ಹಳೇ ಸಾಮಾನು. ಯಾವುದು ಏನೆಂದು ನಾನು ಬರೆಯುವುದಿಲ್ಲ. ನಿಮ್ಮ ಮಕ್ಕಳು ಊಹಿಸಲಿ. ಊಹೆ ಕಳಿಸಿ, ಉತ್ತರ ಕಳಿಸುತ್ತೇನೆ."

"ಎಂತ ಹೆಂಗಸು ಮಾರಾಯ್ರೆ" ಎಂದರು ಭಟ್ಟ ಮಾಸ್ತರು. "ನಾವು ನಕ್ಷೆ ಕೇಳಿದ್ರೆ ಪರೀಕ್ಷೆ ಕಳಿಸಿದ್ದಾಳೆ. ಅಕ್ಕೋರೆ, ಇದು ನಿಮ್ಮ ಪಾಲಿಗೆ."

ಮೇಜಿನ ಮೇಲೆ ಸಾಮಾನು ಸಾಲಾಗಿ ಇಟ್ಟೆವು. ಒಂದು ಉಣ್ಣೆಯ ಕೈಗವುಸು, ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದು. ಇಡೀ ವರ್ಗ ಒಮ್ಮತದಿಂದ ಅದು ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವುದಕ್ಕೆ ಎಂದಿತು. ಮರದ ಚೌಕಟ್ಟಿನಲ್ಲಿ ಚರ್ಮದ ದಾರದಿಂದ ಬಲೆಯಂತೆ ಹೆಣೆದ, ಮೊಳಕ್ಕಿಂತ ಉದ್ದದ ಒಂದು ವಸ್ತು ಇತ್ತು. ಭಟ್ಟ ಮಾಸ್ತರು ಅದನ್ನು ಗಾಳಿಯಲ್ಲಿ ಬೀಸಿ ನೋಡಿ ಟೆನ್ನಿಸ್ ಬ್ಯಾಟು ಎಂದು ತೀರ್ಪು ಕೊಟ್ಟರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, "ಕೆಸರಲ್ಲಿ ಕಾಲು ಹುಗಿಯಬಾರ್ದು ಅಂತ ಕಟ್ಟಿಕೊಳ್ಳೂದು ಇರಬೇಕು" ಎಂದಳು. ನಕ್ಕುಬಿಟ್ಟೆವು. ಅದು ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವುದು ಎಂದು ಮುಂದೆ ಉತ್ತರ ಬಂದಾಗ ಆ ಹುಡುಗಿಗೆ ಇಡೀ ವರ್ಗದ ಎದುರು ತಪ್ಪಾಯಿತು ಎಂದೆ. ಮೂರನೆಯದು ಎಲೆಯ ಚಿತ್ರ ಕೊರೆದ ಮರದ ಅಚ್ಚು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಅಚ್ಚು ನೋಡಿ ಬೆಳೆದವಳು ನಾನು. ಸಕ್ಕರೆ ಅಚ್ಚೇ ಎಂದೆ. ಅದು ಬೆಣ್ಣೆಯ ಅಚ್ಚಾಗಿತ್ತು. ಪರವಾಗಿಲ್ಲ, ಅಡುಗೆಮನೆಯವರೆಗಾದರೂ ಹೋಗಿ ಮುಟ್ಟಿದ್ದೆ.

ನಾಲ್ಕನೆಯದು ಆ ಕೊಳವೆ. ಒಂದು ತುದಿ ಚೂಪಾಗುತ್ತ ಹೋಗಿದೆ, ಇನ್ನೊಂದು ತುದಿ ಹಕ್ಕಿಯ ಕೊಕ್ಕಿನ ಹಾಗೆ ಮೇಲೆ ತೆರೆದಿದೆ, ಕೆಳಗೊಂದು ಕೊಕ್ಕೆ. ನಾನು ಯೋಚನೆಯನ್ನೇ ಮಾಡಲಿಲ್ಲ. ಪುಸ್ತಕದಲ್ಲಿ ಯುದ್ಧವಿತ್ತು, ತುಪ್ಪಳಕ್ಕಾಗಿ ಬೇಟೆಯಿತ್ತು. ಹಾಗಾಗಿ ಕೈಗೆ ಸಿಕ್ಕ ಕಬ್ಬಿಣವೆಲ್ಲ ನನಗೆ ಕೋವಿ. ಇದು ಕೋವಿಯ ನಳಿಗೆಗೆ ಮದ್ದು ಸುರಿಯುವ ಕೊಳವೆ, ಕೊಕ್ಕೆ ಸೊಂಟಪಟ್ಟಿಗೆ ಸಿಕ್ಕಿಸಲು ಎಂದು ಏಳು ಕಾರಣ ಕೊಟ್ಟು ಎರಡು ತಾಸು ಪಾಠ ಮಾಡಿದೆ. ಆ ಏಳನ್ನೂ ನನ್ನ ಪಾಠ ಟಿಪ್ಪಣಿಯ ವಹಿಯಲ್ಲಿ ಬರೆದೆ. ಗದ್ದೆಗೆ ನುಗ್ಗುವ ಕಾಡುಹಂದಿ ಓಡಿಸಲು ಮನೆಯಲ್ಲಿ ಕೋವಿ ಇದ್ದ ಒಬ್ಬ ಹುಡುಗ ಎದ್ದು, "ನಮ್ಮನೆ ಕೋವಿಗೆ ಇಂತಾದ್ದು ಇಲ್ಲೆ ಅಕ್ಕೋರೆ" ಎಂದ.

"ನಿಮ್ಮನಿ ಕೋವಿ ಕೆನಡಾದ್ದೇನು?" ಎಂದು ಕೇಳಿ ಕೂರಿಸಿದೆ. ವರ್ಗ ನಕ್ಕಿತು. ಗೆದ್ದೆ ಅಂದುಕೊಂಡೆ. ಸುಲಭವಾಗಿ ಗೆದ್ದ ದಿನ ಮಕ್ಕಳು ಏನೂ ಕಲಿತಿರುವುದಿಲ್ಲ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು.

‘ಕೋವಿಯ ಕೊಳವೆ’ ಎಂದು ಚೀಟಿ ಅಂಟಿಸಿದ ಒಂದು ಹಲಗೆಗೆ ಕೊಳವೆಯನ್ನು ದಾರದಿಂದ ಕಟ್ಟಿದೆ. ಚೂಪು ತುದಿ ಕೆಳಕ್ಕೆ, ಕೋವಿಯ ಬಾಯಿಗೆ ಇಟ್ಟ ಹಾಗೆ. ಮರುದಿನ ಬಂದು ನೋಡಿದರೆ ಅದು ಅಡ್ಡಕ್ಕೆ ತಿರುಗಿದೆ, ಕೊಕ್ಕೆ ಕೆಳಗೆ. ಸರಿ ಮಾಡಿದೆ. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಬೇಗ ಬಂದೆ. ಮೇಜು ಒರೆಸುತ್ತಿದ್ದವರು ನಮ್ಮ ಶಾಲೆಯ ಸಿಪಾಯಿ, ಅಂದರೆ ಜವಾನ, ಬಂಗಾರ್ಯ ನಾಯ್ಕ. ನಿಲ್ಕುಂದದ ಕಡೆಯವರು, ನಲವತ್ತೈದು ದಾಟಿದ ಗಟ್ಟಿಮುಟ್ಟು ಆಳು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಒರೆಸಿ ಮುಗಿಸಿ, ಕೊಳವೆಯನ್ನು ಜೋಪಾನವಾಗಿ ಅಡ್ಡಕ್ಕೆ ತಿರುಗಿಸಿದರು.

"ನಾಯ್ಕರೆ, ಯಾಕದನ್ನ ಮುಟ್ಟತೀರಿ?"

"ಹಂಗೆ ಇಟ್ರೆ ರಸ ಇಳಿಯೂದು ಹ್ಯಾಂಗೆ ಅಕ್ಕೋರೆ?"

"ಯಾವ ರಸ?"

ಅವರ ಮುಖ ಬಾಗಿಲು ಮುಚ್ಚಿದ ಹಾಗಾಯಿತು. "ಎಂತದೂ ಇಲ್ಲ. ಬಾಯಿಗೆ ಬಂತು, ಅಂದೆ. ಗಂಟೆ ಹೊಡೀಬೇಕು, ಹೋಗ್ತೆ."

"ಗಂಟೆಗೆ ಇನ್ನೂ ಅರ್ಧ ತಾಸದ."

ನಾನು ಬಿಡುವವರ ಪೈಕಿ ಅಲ್ಲ. ಸಂಜೆಯವರೆಗೆ ಎಲ್ಲಿ ಸಿಕ್ಕರೆ ಅಲ್ಲಿ ಕೇಳಿದೆ: ಬಾವಿಕಟ್ಟೆಯಲ್ಲಿ, ಗಂಟೆಯ ಹತ್ತಿರ, ಸೀಮೆಸುಣ್ಣ ಕೊಡುವಾಗ. ಕೊನೆಗೆ ಶಾಲೆ ಬಿಟ್ಟ ಮೇಲೆ ಅವರು ಅತ್ತಿತ್ತ ನೋಡಿ, "ನಾ ಹೇಳಿದ್ದು ಅಂತ ಎಲ್ಲೂ ಹೇಳೂಕಾಗ. ನನ್ನ ಅನ್ನದ ವಿಷ್ಯ" ಎಂದರು.

ಹೇಳಿದ್ದು ಇಷ್ಟು. ಅವರು ಹಿಂದೆ ಮರ ಕೆತ್ತಿ ಕಳ್ಳು ಇಳಿಸುತ್ತಿದ್ದವರು. ಅಪ್ಪ, ಅಜ್ಜ ಎಲ್ಲರದೂ ಅದೇ ಕಸುಬು. ಮುಂಬಯಿ ಸರಕಾರ ದಾರೂಬಂದಿ ಮಾಡಿ ಕಳ್ಳು, ಸಾರಾಯಿ ಎಲ್ಲ ನಿಷೇಧಿಸಿತು. ಬೇರೆ ಕೆಲಸ ಸಿಕ್ಕುವವರೆಗೆ ಎಂದು ಒಂದು ಹಂಗಾಮು ಕದ್ದು ಇಳಿಸಿ ಸಿಕ್ಕಿಬಿದ್ದರು, ನಾಲ್ಕು ದಿನ ಲಾಕಪ್ಪಿನಲ್ಲಿ ಕೂತರು. ಆಮೇಲೆ ಶಾಲೆಗೆ ಹಂಗಾಮಿ ಸಿಪಾಯಿಯಾಗಿ ಸೇರಿದರು. ಆ ನಾಲ್ಕು ದಿನದ ಸುದ್ದಿ ಶಾಲೆಯ ಯಾವ ಕಾಗದದಲ್ಲೂ ಇರಲಿಲ್ಲ. ಏಳೆಂಟು ವರ್ಷ ಹಂಗಾಮಿಯಾಗಿಯೇ ಉಳಿದವರ ಕಡತ ಹೊಸ ರಾಜ್ಯದ ಕಚೇರಿಗೆ ಹೋಗಿ, ಈಗ ಖಾಯಂ ಮಾಡುವ ಮಾತು ಬಂದಿತ್ತು. ಮುಂದಿನ ವಾರ ತಪಾಸಣೆಗೆ ಬರುವ ಶಿಕ್ಷಣ ಖಾತೆಯ ಡಿಪ್ಟಿ ಸಾಹೇಬರು ‘ನಡತೆ ಒಳ್ಳೆಯದು’ ಎಂದು ಬರೆದು ಸಹಿ ಹಾಕಬೇಕು. ದಾರೂಬಂದಿ ಇನ್ನೂ ಜಾರಿಯಲ್ಲಿತ್ತು. ಕಳ್ಳು ಇಳಿಸಿ ಜೈಲು ಕಂಡವನ ನಡತೆ ಒಳ್ಳೆಯದೆಂದು ಯಾವ ಸಾಹೇಬರು ಬರೆಯುತ್ತಾರೆ?

ಇಷ್ಟು ಕೇಳಿದ ಮೇಲೂ ನಾನು ಕೇಳಿದ್ದು ಏನು ಗೊತ್ತೆ? "ಅದಿರಲಿ, ಇದು ಕೋವಿದಲ್ಲ ಅನ್ನಾಕ ಪುರಾವೆ ಏನು?"

ಅವರು ನಕ್ಕರು. ಕೊಳವೆ ಬಿಚ್ಚಿಕೊಂಡು ಶಾಲೆಯ ಹಿಂದಿನ ಬಾಳೆಗಿಡದ ಹತ್ತಿರ ಹೋದರು. ಬಾಳೆಯ ದಿಂಡಿಗೆ ಚೂಪು ತುದಿ ಒತ್ತಿ ಸಿಕ್ಕಿಸಿದರು. ಕೊಕ್ಕೆಗೆ ನನ್ನ ಚಹಾದ ಲೋಟದ ಹಿಡಿಕೆ ತೂಗುಹಾಕಿದರು. ಕೊಕ್ಕು ಸರಿಯಾಗಿ ಲೋಟದ ಬಾಯಿಯ ಮೇಲೆ.

"ನೋಡಿ. ಹಿಂದಿನ ಅಂಚಲ್ಲಿ ಸುತ್ತಿಗೆ ಪೆಟ್ಟಿನ ಗುರ್ತು ಅದೆ. ಕೋವಿ ಬಾಯಿಗೆ ಇಡೂ ಸಾಮಾನಿಗೆ ಸುತ್ತಿಗೆಯಲ್ಲಿ ಯಾರು ಹೊಡೀತ್ರು? ಇದು ಮರಕ್ಕೆ ಹೊಡ್ದದ್ದು. ಅರ್ಧದವರೆಗೆ ನುಣ್ಣಗೆ, ಆಚೆಗೆ ತುಕ್ಕು. ಅರ್ಧ ಮರದ ಒಳಗಿತ್ತು. ನಾವು ಈಚಲ ಮರಕ್ಕೆ ಬಿದಿರಿನ ದಬ್ಬೆ ಸಿಕ್ಕಿಸ್ತಿದ್ವಿ. ಅವ್ರು ಕಬ್ಬಿಣದ್ದು ಮಾಡ್ಕಂಡಾರೆ, ಅಷ್ಟೆ ಫರಕು."

ಕೊಳವೆಯ ಒಳಗಿದ್ದ ಕಂದು ಪುಡಿಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿ, "ಬೆಲ್ಲದ ಮರ" ಎಂದರು. ನಾನೂ ನೆಕ್ಕಿದೆ. ನನಗೆ ತುಕ್ಕು ಬಿಟ್ಟು ಬೇರೆ ಏನೂ ಸಿಗಲಿಲ್ಲ. ಆದರೂ ಸುತ್ತಿಗೆಯ ಗುರುತಿನ ಮೇಲೆ ಬೆರಳಾಡಿಸಿ ನೋಡಿದೆ. ನನ್ನ ಏಳು ಕಾರಣಗಳು ಒಂದೊಂದಾಗಿ ಜಾರಿ ಬಿದ್ದವು.

ಹೊರಡುವ ಮುಂಚೆ ಅವರು ಒಂದು ಪ್ರಶ್ನೆ ಕೇಳಿದರು. "ಆ ಬಿಳಿ ಜನ ಹಡಗಲ್ಲಿ ಬಂದವ್ರು ಅಂತ ನೀವೇ ಪಾಠ ಮಾಡ್ತಿದ್ರಿ. ಬಂದವ್ರಿಗೆ ಯಾವ ಮರದೊಳಗೆ ಸಿಹಿನೀರದೆ ಅಂತ ಹ್ಯಾಂಗೆ ಗೊತ್ತಾಯ್ತು? ಮೊದ್ಲಿಂದ ಆ ಕಾಡಲ್ಲಿ ಇದ್ದವ್ರು ಯಾರೋ ಹೇಳಿಕೊಟ್ಟಿರಬೇಕು. ಅವ್ರು ನಿಮ್ಮ ಪುಸ್ತಕದಲ್ಲಿ ಇಲ್ವ?"

ಇರಲಿಲ್ಲ. ಅರ್ಧ ಪುಟದಲ್ಲಿ ಅವರಿಗೆ ಒಂದು ಸಾಲೂ ಇರಲಿಲ್ಲ. ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಬಿ.ಎ.ಯಲ್ಲಿ ನನಗೆ ಯಾರೂ ಕೇಳದ ಪ್ರಶ್ನೆಯನ್ನು ಬಾಳೆಗಿಡದ ಬುಡದಲ್ಲಿ ಕೇಳಿಸಿಕೊಂಡೆ.

ಮರುದಿನ ಹಳೆಯ ಚೀಟಿ ಹರಿದು, ‘ಮರದಿಂದ ಸಿಹಿರಸ ಇಳಿಸುವ ಕೊಳವೆ’ ಎಂದು ಹೊಸ ಚೀಟಿ ಅಂಟಿಸಿದೆ. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಹೇಳಿರಲಿಲ್ಲ. ಅಷ್ಟು ಸಾಕು ಎಂದುಕೊಂಡಿದ್ದೆ. ನನ್ನ ವಹಿಯಲ್ಲಿ ಕೋವಿ ಹಾಗೆಯೇ ಕೂತಿದೆ ಎಂಬುದು ಮರೆತೇಹೋಗಿತ್ತು.

ಡಿಪ್ಟಿ ಸಾಹೇಬರು ಹುಬ್ಬಳ್ಳಿ ಕಡೆಯವರು. ದಪ್ಪ ಮೀಸೆ, ತೆಳು ದನಿ. ವಾದವೆಂದರೆ ಅವರಿಗೂ ನನ್ನಷ್ಟೇ ಪ್ರೀತಿ. ಮೊದಲು ನನ್ನ ಟಿಪ್ಪಣಿ ವಹಿ ಓದಿದರು, ಆಮೇಲೆ ಮೇಜಿನ ಹತ್ತಿರ ಬಂದರು, ಚೀಟಿ ನೋಡಿದರು. ಅವರ ಕಣ್ಣು ಹೊಳೆಯಿತು.

"ಏನ್ರಿ ಟೀಚರ್, ವಹಿಯೊಳಗ ಇದು ಕೋವಿ ಕೊಳವಿ. ಅದಕ್ಕ ಏಳು ಕಾರಣ ಕೊಟ್ಟೀರಿ. ಮೇಜಿನ ಮ್ಯಾಲ ನೋಡಿದರ ಮರದ ಕೊಳವಿ. ಇದರಾಗ ಖರೇ ಯಾವುದು?"

"ಮರದ್ದು, ಸಾಹೇಬರ."

"ಏಳು ದಿನದಾಗ ಏಳು ಕಾರಣ ಸುಳ್ಳಾದುವೇನು? ಪುರಾವೆ?"

ಸುತ್ತಿಗೆಯ ಗುರುತು ತೋರಿಸಿದೆ. ನುಣುಪು, ತುಕ್ಕು ತೋರಿಸಿದೆ. ಅವರು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಲ್ಲಿಗೆ ನಿಲ್ಲಬೇಕಾಗಿತ್ತು. ಆದರೆ ಅವರು ಒಳ್ಳೆಯ ವಾದಿ. ಒಳ್ಳೆಯ ವಾದಿ ಕೇಳಬೇಕಾದ್ದನ್ನೇ ಕೇಳಿದರು.

"ಇವು ಕಾಲೇಜಿನಾಗ ಓದಿದವರ ಕಣ್ಣಿಗೆ ಬೀಳೂವಂಥಾವಲ್ಲ. ಮರಾ ಕೆತ್ತಿ ಗೊತ್ತಿದ್ದವ ಹೇಳಿರಬೇಕು. ಯಾರವ? ಈ ಊರಾಗ ಆ ವಿದ್ಯಾ ಇನ್ನೂ ನಡದದ ಏನು?"

ಬಂಗಾರ್ಯ ನಾಯ್ಕರು ಆಗಲೇ ಸಾಹೇಬರಿಗೆ ಚಹಾ ತಂದು ಬಾಗಿಲಲ್ಲಿ ನಿಂತಿದ್ದರು. ನಾನು ತಿರುಗಿ ನೋಡಬಾರದು ಎಂದು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಅಷ್ಟರಲ್ಲಿ ಅವರ ದನಿ ಕೇಳಿತು: "ಸಾಹೇಬ್ರೆ, ಅದು..." ನನಗೆ ಅವಮಾನವಾಗಬಾರದೆಂದು ಆ ಮನುಷ್ಯ ತಾವೇ ಹೇಳಲು ಹೊರಟಿದ್ದರು.

"ಯಾರೂ ಹೇಳಿಲ್ಲ ಸಾಹೇಬರ" ಎಂದೆ, ಅವರ ಮಾತಿನ ಮೇಲೆಯೇ. "ನಂದೇ ಊಹಾ. ಈಗ ನೀವು ಕೇಳಿದ ಮ್ಯಾಲ ನನಗೂ ಅನುಮಾನ ಬಂತು. ಪಕ್ಕಾ ಪುರಾವೆ ನನ್ನ ಹತ್ತಿರ ಇಲ್ಲ."

"ಹಂಗಾರ?"

"ಕೋವಿದೇ ಇರಬೇಕು."

ಸಾಹೇಬರಿಗೆ ನಿರಾಸೆಯಾದಂತೆ ಕಂಡಿತು. ಕುಸ್ತಿಗೆ ಇಳಿದ ಮೇಲೆ ಎದುರಾಳಿ ತಾನೇ ಮಲಗಿಬಿಟ್ಟರೆ ಯಾರಿಗಾದರೂ ಆಗುತ್ತದೆ. ಭಟ್ಟ ಮಾಸ್ತರು ಕೆಮ್ಮಿದರು. "ಸಾಹೇಬರೆ, ಚಹಾ ತಣಿತದೆ" ಎಂದು ನಾಯ್ಕರ ಕೈಯಿಂದ ಕಪ್ಪು ತಾವೇ ಇಸಿದುಕೊಂಡು, "ನೀನು ಹೋಗಿ ಗಂಟೆ ನೋಡು ಬಂಗಾರ್ಯ" ಎಂದು ಹೊರಗೆ ಕಳಿಸಿದರು. ನಾನು ಸಾಹೇಬರ ಎದುರಿಗೇ ಚೀಟಿ ಹರಿದು, ನನ್ನ ಕೈಯಾರೆ ‘ಕೋವಿಗೆ ಮದ್ದು ಸುರಿಯುವ ಕೊಳವೆ’ ಎಂದು ಬರೆದು ಅಂಟಿಸಿದೆ. ಜೀವಮಾನದಲ್ಲಿ ಬರೆದ ಅತ್ಯಂತ ಕಷ್ಟದ ಚೀಟಿ ಅದು.

ನನ್ನ ಬಗ್ಗೆ ಸಾಹೇಬರು, ಉತ್ಸಾಹವಿದೆ, ಆದರೆ ಅಭಿಪ್ರಾಯದಲ್ಲಿ ಸ್ಥಿರತೆ ಸಾಲದು ಎಂದು ಬರೆದರು. ಬಂಗಾರ್ಯ ನಾಯ್ಕರ ಕಾಗದದ ಮೇಲೆ ‘ನಡತೆ ಒಳ್ಳೆಯದು’ ಎಂದು ಬರೆದರು. ಎರಡೂ ನಿಜವೇ.

ಜೀಪು ಹೋದ ಮೇಲೆ ಭಟ್ಟ ಮಾಸ್ತರು ಹೊಸ ಕವಳ ಕಟ್ಟುತ್ತ ಹೇಳಿದರು: "ಅಕ್ಕೋರೆ, ನೀವು ಸೋತದ್ದು ಇದೇ ಮೊದಲು ನೋಡಿದೆ. ಚಂದ ಸೋತ್ರಿ."

"ನಿಮಗ ಗೊತ್ತಿತ್ತೇನು?"

"ಎಂಟು ವರ್ಷದ ಹಿಂದೆ ಅವನ್ನ ಸೇರಿಸಿಕೊಂಡವ ಆನು. ಅವ ಎಲ್ಲಿಂದ ಬಂದ ಹೇಳಿ ಕೇಳಿದ್ದೇ ಇಲ್ಲೆ. ಕೇಳದೆ ಇರೂದೂ ಒಂದು ವಿದ್ಯೆ, ನಿಮ್ಮ ಧಾರವಾಡದಲ್ಲಿ ಕಲಿಸ್ತಿಲ್ಲೆ ಕಾಣ್ತು." ಕಳವಳದಲ್ಲೋ ಸಂತೋಷದಲ್ಲೋ ಅವರು ನನ್ನ ಎದುರು ‘ನಾನು’ ಎಂಬುದು ‘ಆನು’ ಆಗುವ ತಮ್ಮ ಮನೆಮಾತು ಆಡಿದ್ದು ಅದೊಂದೇ ಸಲ.

ಕೋವಿಯ ಚೀಟಿ ನಾಲ್ಕೈದು ತಿಂಗಳು ಹಾಗೆಯೇ ಇತ್ತು. ದಿನಾ ಮೇಜು ಒರೆಸುವಾಗ ನಾಯ್ಕರು ಕೊಳವೆಯನ್ನು ಚೂಪು ತುದಿ ಕೆಳಕ್ಕೆ ಮಾಡಿ ಇಡುತ್ತಿದ್ದರು, ತುಂಬ ಗಂಭೀರವಾಗಿ. ನನ್ನನ್ನು ಕಂಡರೆ ಮಾತ್ರ ಮೀಸೆಯೊಳಗೆ ನಗುತ್ತಿದ್ದರು.

ಮಿಸ್ ಡನ್ ಅವರಿಗೆ ಮಕ್ಕಳ ಊಹೆಗಳನ್ನು ಕಳಿಸುವಾಗ ಕೆಳಗೆ ಸೇರಿಸಿದ್ದೆ: "ಕೊಳವೆಯ ಬಗ್ಗೆ ನಮ್ಮ ಶಾಲೆಯವರೊಬ್ಬರ ಊಹೆ ಬೇರೆ ಇದೆ. ಹೆಸರು ತಿಳಿಸಲಾರೆ." ಬಾಳೆಗಿಡ, ಲೋಟ, ಸುತ್ತಿಗೆ ಗುರುತು ಎಲ್ಲ ಬರೆದಿದ್ದೆ; ಕೊನೆಯಲ್ಲಿ ನಾಯ್ಕರ ಪ್ರಶ್ನೆಯನ್ನೂ. ಉತ್ತರ ಬಂತು. ಕೊಳವೆ ಆಕೆಯ ಅಜ್ಜನದು. ಅಲ್ಲಿ ಮೇಪಲ್ ಎಂಬ ಮರವಿದೆ. ಹಿಮ ಕರಗುವ ಹೊತ್ತಿಗೆ ಅದಕ್ಕೆ ತೂತು ಕೊರೆದು ರಸ ಇಳಿಸಿ, ಕಾಯಿಸಿ ಪಾಕ ಮಾಡುತ್ತಾರೆ. ಬಿಳಿಯರು ಬರುವ ಮುಂಚೆಯೇ ಅಲ್ಲಿನ ಕಾಡಿನ ಜನ ತೊಗಟೆ ಕೆತ್ತಿ ರಸ ಹಿಡಿಯುತ್ತಿದ್ದರು. ಬಂದವರಿಗೆ ಕಲಿಸಿದವರು ಅವರೇ. "ನಿಮ್ಮ ಹೆಸರಿಲ್ಲದ ಗೆಳೆಯರಿಗೆ ಹೇಳಿ, ನನ್ನ ಪಾಠಪುಸ್ತಕದಲ್ಲೂ ಈ ಮಾತಿಲ್ಲ. ಈ ವರ್ಷದಿಂದ ನಾನೇ ಬಾಯಲ್ಲಿ ಹೇಳುತ್ತಿದ್ದೇನೆ."

ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ನಾಯ್ಕರು ಕೇಳಿಸಿಕೊಂಡು, "ಕಾಯಿಸ್ತ್ರು ಅಲ್ವ? ಹುಳಿ ಬರೂಕೆ ಬಿಡೂದಿಲ್ಲ. ಹಂಗಾರೆ ಅವ್ರಿಗೆ ಪೋಲೀಸ್ರ ತಂಟೆ ಇಲ್ಲ" ಎಂದರು. ಆ ದಿನವೇ ಕೋವಿಯ ಚೀಟಿ ತೆಗೆದು ಪತ್ರವನ್ನೇ ಅಂಟಿಸಿದೆ. ಈಗ ಪುರಾವೆ ಕಡಲಾಚೆಯಿಂದ ಬಂದಿತ್ತು; ಯಾರ ಹೆಸರೂ ಬೇಕಾಗಿರಲಿಲ್ಲ.

ನಾವೂ ಒಂದು ಪೆಟ್ಟಿಗೆ ಕಳಿಸಬೇಕೆಂದು ಮಕ್ಕಳು ಹಟ ಹಿಡಿದರು. ಅಡಕತ್ತರಿ, ಕಂಬಳಿಕೊಪ್ಪೆ, ತೊಗಟೆಯ ಹಗ್ಗ ಎಲ್ಲ ಸೇರಿತು. ಪೆಟ್ಟಿಗೆಗೆ ಮೊಳೆ ಹೊಡೆಯುವ ದಿನ ನಾಯ್ಕರು ಹಳೇ ಅಂಗಿಯಲ್ಲಿ ಸುತ್ತಿದ್ದ ಏನನ್ನೋ ತಂದರು. ಬಿಚ್ಚಿದರೆ ಅಗಲ ಅಲಗಿನ ಬಾಗಿದ ಕತ್ತಿ. ಹಿಡಿ ಮೂರು ತಲೆಮಾರಿನ ಅಂಗೈ ತಾಗಿ ಕರ್ರಗೆ ಮಿರುಗುತ್ತಿತ್ತು. ಮರ ಕೆತ್ತುವ ಕತ್ತಿ. ಇಷ್ಟು ವರ್ಷ ಹುಲ್ಲಿನ ಮಾಡಿನೊಳಗೆ ಅಡಗಿಸಿಟ್ಟಿದ್ದರಂತೆ.

"ನಾಯ್ಕರೆ, ಇದು ನಿಮ್ಮ ಅಜ್ಜಂದು."

"ಹೌದು. ಇಲ್ಲಿದ್ರೆ ಇದು ಕೇಸು, ಅಲ್ಲಿಗೆ ಹೋದ್ರೆ ಇತಿಹಾಸ. ಹಾಕಿ."

ಹಾಕಿದೆ. ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟೆ.

ಆಮೇಲೆ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅಲ್ಲಿಯೂ ಪ್ರತಿ ವರ್ಷ ಮಕ್ಕಳಿಂದ ಮನೆಯ ಒಂದೊಂದು ಹಳೇ ಸಾಮಾನು ತರಿಸಿ ಅದರಿಂದಲೇ ಪಾಠ ಶುರು ಮಾಡಿದೆ. ನಿಮಗೆ ನನ್ನ ಸಲಹೆ ಇಷ್ಟೇ: ಮೇಜಿನ ಮೇಲೆ ವಸ್ತು ಇಡಿ, ಎರಡು ದಿನ ಬಾಯಿ ಮುಚ್ಚಿಕೊಂಡಿರಿ, ಯಾರು ಅದನ್ನು ತಿರುಗಿಸಿ ಇಡುತ್ತಾರೆ ನೋಡಿ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ದಾರೂಬಂದಿ ಹೋಯಿತು. ನಾಯ್ಕರು ಆಗಲೇ ನಿವೃತ್ತರಾಗಿದ್ದರು. ನಾನು ಶಿರಸಿಯಲ್ಲಿ ಶಿಕ್ಷಕರ ಸಭೆಗೆ ಹೋದಾಗ ಸಿಕ್ಕ ನಾಯ್ಕರ ಮಗನ ಮೂಲಕ ಅವರ ಒಪ್ಪಿಗೆ ಕೇಳಿಸಿ, ಮಿಸ್ ಡನ್ ಅವರಿಗೆ ಹೆಸರು ಬರೆದೆ. ಕೆಲವು ತಿಂಗಳಲ್ಲಿ ಒಂದು ಫೋಟೋ ಬಂತು: ಆಕೆಯ ಶಾಲೆಯ ಗಾಜಿನ ಕಪಾಟಿನಲ್ಲಿ ಕತ್ತಿ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಬಂಗಾರ್ಯ ನಾಯ್ಕ, ನಿಲ್ಕುಂದ’, ಪಕ್ಕದಲ್ಲಿ ನಮಗೆ ಕಳಿಸಿದಂಥದೇ ಇನ್ನೊಂದು ಕೊಳವೆ.

ಫೋಟೋ ಹಿಡಿದುಕೊಂಡು ಬಸ್ಸು ಹತ್ತಿ ನಿಲ್ಕುಂದಕ್ಕೆ ಹೋದೆ. ಅವರು ಅಂಗಳದಲ್ಲಿ ಕೂತು ಬುಟ್ಟಿ ನೇಯುತ್ತಿದ್ದರು. ಹೆಸರು ಓದಿ ತೋರಿಸಿದೆ. ಫೋಟೋವನ್ನು ಬೆಳಕಿಗೆ ಹಿಡಿದು, ದೂರ ಇಟ್ಟು, ಹತ್ತಿರ ತಂದು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬರುತ್ತದೇನೋ ಎಂದು ನಾನು ಕಾಯುತ್ತಿದ್ದೆ.

"ಅಕ್ಕೋರೆ, ಅವ್ರಿಗೊಂದು ಕಾಗ್ದ ಬರೀರಿ" ಎಂದರು. "ಅಲಗಿನ ತುದಿ ತುಕ್ಕು ಹಿಡೀತಾ ಅದೆ. ತಿಂಗ್ಳಿಗೊಂದು ಸಲ ಕೊಬ್ರಿ ಎಣ್ಣೆ ಹಚ್ಚೂಕೆ ಹೇಳಿ."